ಪಾಲ್ ಓಕನ್‌ಫೋಲ್ಡ್ ಗೋವಾದ ಸಂಗೀತವನ್ನು ಹುಟ್ಟಿಸಿದವರಲ್ಲ, ಹೊತ್ತೊಯ್ದವರು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಬ್ರಿಟನ್ನಿನ ಡಿಜೆ ಮತ್ತು ಸಂಗೀತ ನಿರ್ಮಾಪಕ ಪಾಲ್ ಓಕನ್‌ಫೋಲ್ಡ್ ಅವರ ಕುರಿತು ಬಂದ ಲೇಖನವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಕನ್ನಡ ಪತ್ರಿಕೆಯೊಂದು ಹೌಸ್ ಎಂಬ ಕ್ಲಬ್ಬಿನ ಕುಣಿತದ ಸಂಗೀತಕ್ಕೆ ಇಡೀ ಪುಟವನ್ನು ಮೀಸಲಿಟ್ಟಿತಲ್ಲ ಎಂಬ ಸಂತೋಷದಿಂದಲೇ ಓದಲು ಕುಳಿತೆ. ಮೂರನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ಆ ಸಂತೋಷ ಇಳಿದುಹೋಯಿತು. ಓಕನ್‌ಫೋಲ್ಡ್ ಅವರು ಗೋವಾದ ಕಡಲತೀರದಲ್ಲಿ ಕುಳಿತು ಹೊಸ ಸಂಗೀತವೊಂದನ್ನು ಹುಟ್ಟಿಸಿದರು ಎಂದೂ, ಡಿಜೆ ಎನ್ನುವವನು ಬೇರೆಯವರ ಹಾಡಿನ ತಟ್ಟೆ ತಿರುಗಿಸುವವನೇ ಹೊರತು ಸಂಗೀತಗಾರನಲ್ಲ ಎಂದೂ ಲೇಖನ ಒಂದೇ ಉಸಿರಿನಲ್ಲಿ ಹೇಳುತ್ತದೆ. ಈ ಎರಡು ಮಾತುಗಳು ಒಂದಕ್ಕೊಂದು ಕೂಡಿಬರುವುದಿಲ್ಲ. ನಾನು ತಿಳಿದಂತೆ ಎರಡೂ ನಿಜವಲ್ಲ.

ನಾನು ಸಂಗೀತ ವಿಮರ್ಶಕನಲ್ಲ. ಕುಂದಾಪುರದ ಕಡೆಯವನು, 1986ರಲ್ಲಿ ಸೋದರಮಾವನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಗೋವಾದ ಮಾಪುಸಾಕ್ಕೆ ಬಂದವನು ಇಲ್ಲಿಯೇ ಉಳಿದುಬಿಟ್ಟೆ. ಇಲ್ಲಿಗೆ ಹತ್ತಿರದ ಕಡಲತೀರಗಳಾದ ಅಂಜುನಾ ಮತ್ತು ವಾಗಾತೋರ್‌ಗಳಲ್ಲಿ ರಾತ್ರಿಯಿಡೀ ಕುಣಿದವರು ಬೆಳಗಿನ ಹೊತ್ತು ಮೊಣಕಾಲಿನವರೆಗೂ ಕೆಂಪು ಧೂಳು ಮೆತ್ತಿಕೊಂಡು, ಬಾಡಿಗೆ ಮೋಟಾರ್‌ಸೈಕಲ್‌ಗಳಲ್ಲಿ ಬಂದು ನಮ್ಮಲ್ಲಿ ಇಡ್ಲಿ ತಿನ್ನುತ್ತಿದ್ದ ಕಾಲದಲ್ಲಿ ಬಿಲ್ಲು ಬರೆದವನು ನಾನು. ಅವರ ಹಾಡುಗಳ ಪರಿಚಯ ನನಗಾದದ್ದು ಅವರ ಬಾಯಿಂದ, ಅವರು ಬಿಟ್ಟುಹೋದ ಕ್ಯಾಸೆಟ್ಟುಗಳಿಂದ, ಮತ್ತು ನೀರಿನ ಕ್ರೇಟುಗಳನ್ನು ಹೊತ್ತು ವಾಗಾತೋರ್ ಗುಡ್ಡಕ್ಕೆ ನಾನೇ ಹೋಗಿ ನಿಂತ ಕೆಲವು ರಾತ್ರಿಗಳಿಂದ.

ಮೊದಲು ಹುಟ್ಟಿನ ವಿಷಯ. ಹೌಸ್ ಸಂಗೀತ ಹುಟ್ಟಿದ್ದು ಶಿಕಾಗೊ ನಗರದಲ್ಲಿ, ಕರಿಯರ ನಡುವೆ. 1977ರಲ್ಲಿ ಅಲ್ಲಿ ತೆರೆದ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ ಫ್ರ್ಯಾಂಕಿ ನಕಲ್ಸ್ ನುಡಿಸುತ್ತಿದ್ದ ಸಂಗೀತಕ್ಕೆ ಆ ಕ್ಲಬ್ಬಿನ ಹೆಸರಿನ ಬಾಲವೇ ಅಂಟಿಕೊಂಡು ಹೌಸ್ ಎಂದಾಯಿತೆಂಬುದು ಹೆಚ್ಚಿನವರು ಒಪ್ಪಿಕೊಂಡು ಬಂದ ಮಾತು. ಜಪಾನಿನ ರೋಲಂಡ್ ಕಂಪನಿ 1982ರ ಸುಮಾರಿಗೆ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆಯೊಂದನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಒಬ್ಬನೇ ಕುಳಿತು ಗಿಟಾರ್ ಅಭ್ಯಾಸ ಮಾಡುವವನಿಗೆ ಬೇಸ್ ನುಡಿಸುವ ಜೊತೆಗಾರನಾಗಲಿ ಎಂಬುದು ಅದರ ಉದ್ದೇಶವಾಗಿತ್ತು. ಆ ಕೆಲಸಕ್ಕೆ ಅದು ಒದಗಲಿಲ್ಲ, ಮಾರಾಟವಾಗದೆ ಎರಡೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಗುಜರಿ ಬೆಲೆಗೆ ಸಿಕ್ಕ ಅದೇ ಪೆಟ್ಟಿಗೆಯ ಗುಂಡಿಗಳನ್ನು ಶಿಕಾಗೊದ ಹುಡುಗರು ಅಡ್ಡಾದಿಡ್ಡಿ ತಿರುವಿದಾಗ ಹೊರಟ ಕೀರಲು, ಗೊಗ್ಗರು ದನಿಯಿಂದ ಆಸಿಡ್ ಹೌಸ್ ಹುಟ್ಟಿತು. ಇದರಲ್ಲಿ ಓಕನ್‌ಫೋಲ್ಡ್ ಅವರ ಪಾಲು ಏನೇನೂ ಇಲ್ಲ, ಗೋವಾದ ಪಾಲಂತೂ ಇಲ್ಲವೇ ಇಲ್ಲ.

1963ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಓಕನ್‌ಫೋಲ್ಡ್ ಮೊದಲು ಕಲಿತದ್ದು ಅಡುಗೆಯ ಕೆಲಸವನ್ನು. ಬಾಣಸಿಗನಾಗಲು ಅವರು ವರ್ಷಗಟ್ಟಲೆ ತರಬೇತಿ ಪಡೆದಿದ್ದರು. ತಮ್ಮ ಲೇಖಕರು ಈ ಸಂಗತಿಯನ್ನು ಬಿಟ್ಟೇಬಿಟ್ಟಿದ್ದಾರೆ, ನನಗೆ ಮಾತ್ರ ಅದೇ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. (ಹೋಟೆಲಿನವನ ಪಕ್ಷಪಾತ ಎಂದುಕೊಂಡರೂ ಸರಿಯೇ.) ಆಮೇಲೆ ಅವರು ಕೆಲಕಾಲ ನ್ಯೂಯಾರ್ಕಿನಲ್ಲಿದ್ದು ಅಲ್ಲಿನ ಕ್ಲಬ್ಬುಗಳಲ್ಲಿ ಕಿವಿ ತೆರೆದುಕೊಂಡರು, ಲಂಡನ್ನಿಗೆ ಮರಳಿ ಚಾಂಪಿಯನ್ ರೆಕಾರ್ಡ್ಸ್ ಎಂಬ ಸಂಸ್ಥೆಗೆ ಹೊಸ ಕಲಾವಿದರನ್ನು ಹುಡುಕಿ ತರುವ ಕೆಲಸ ಹಿಡಿದರು. ಸಾಲ್ಟ್-ಎನ್-ಪೆಪಾ ಎಂಬ ಅಮೆರಿಕದ ರ್‍ಯಾಪ್ ತಂಡವನ್ನೂ, ಆಗಿನ್ನೂ ಸಿನಿಮಾ ನಟನಾಗಿರದ ವಿಲ್ ಸ್ಮಿತ್ ಮತ್ತು ಅವರ ಜೊತೆಗಾರ ಜಾಝಿ ಜೆಫ್ ಜೋಡಿಯನ್ನೂ ಬ್ರಿಟನ್ನಿನ ಕೇಳುಗರಿಗೆ ತಂದುಕೊಟ್ಟವರಲ್ಲಿ ಅವರೂ ಒಬ್ಬರು. ಎಲ್ಲೋ ಒಂದು ಕಡೆ ರುಚಿ ಕಂಡದ್ದನ್ನು ಇನ್ನೊಂದು ಊರಿನವರ ಎಲೆಗೆ ಬಡಿಸುವುದು ಈ ಮನುಷ್ಯನ ಕಸುಬೆಂಬುದು ಅಷ್ಟರಲ್ಲೇ ತೀರ್ಮಾನವಾಗಿತ್ತು.

1987ರ ಬೇಸಿಗೆಯಲ್ಲಿ ಅವರು ತಮ್ಮ ಹುಟ್ಟುಹಬ್ಬಕ್ಕೆಂದು ಗೆಳೆಯರಾದ ಡ್ಯಾನಿ ರಾಂಪ್ಲಿಂಗ್, ನಿಕಿ ಹಾಲೊವೇ, ಜಾನಿ ವಾಕರ್ ಅವರೊಡನೆ ಸ್ಪೇನಿನ ಇಬಿಝಾ ದ್ವೀಪಕ್ಕೆ ಹೋದರು. ಅಲ್ಲಿ ಅಮ್ನೀಸಿಯಾ ಎಂಬ, ಆಗ ಮೇಲೆ ಸೂರೇ ಇರದ ಕ್ಲಬ್ಬಿನಲ್ಲಿ ಅರ್ಜೆಂಟೀನಾದಿಂದ ಬಂದು ನೆಲೆಸಿದ್ದ ಆಲ್ಫ್ರೆಡೊ ಎಂಬ ಡಿಜೆ ಶಿಕಾಗೊದ ಹೌಸ್, ಬ್ರಿಟಿಷ್ ಪಾಪ್, ರೆಗೆ, ಸ್ಪ್ಯಾನಿಷ್ ಗಿಟಾರ್ ಎಂಬ ಭೇದವಿಲ್ಲದೆ ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ಪೋಣಿಸುತ್ತಿದ್ದುದನ್ನು ನಾಲ್ವರೂ ಕೇಳಿದರು. ಎಕ್ಸ್‌ಟಸಿ ಮಾತ್ರೆಯ ಅಮಲೂ ಅಲ್ಲಿತ್ತು. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಲು ಬರುವುದಿಲ್ಲ, ಹಾಗೆಂದು ತಮ್ಮ ಲೇಖನದಂತೆ ಅದೊಂದನ್ನೇ ಕಥೆಯಾಗಿಸಿದರೆ ಮಾತ್ರೆ ನುಂಗದೆಯೂ ಕಿವಿ ಕೊಟ್ಟವರ ಲೆಕ್ಕ ಸಿಗುವುದಿಲ್ಲ. ಲಂಡನ್ನಿಗೆ ಹಿಂದಿರುಗಿದ ಮೇಲೆ ರಾಂಪ್ಲಿಂಗ್ ಒಂದು ವ್ಯಾಯಾಮಶಾಲೆಯನ್ನು ರಾತ್ರಿಯ ಹೊತ್ತಿಗೆ ಶೂಮ್ ಎಂಬ ಕ್ಲಬ್ ಮಾಡಿಕೊಂಡರೆ, ಓಕನ್‌ಫೋಲ್ಡ್ 1988ರ ಏಪ್ರಿಲ್‌ನಲ್ಲಿ ಚೇರಿಂಗ್ ಕ್ರಾಸ್ ರೈಲು ನಿಲ್ದಾಣದ ಕಮಾನುಗಳ ಅಡಿಯಲ್ಲಿದ್ದ ಹೆವನ್ ಎಂಬ ದೊಡ್ಡ ಕ್ಲಬ್ಬಿನಲ್ಲಿ ಸ್ಪೆಕ್ಟ್ರಮ್ ಎಂಬ ಹೆಸರಿನ ಕಾರ್ಯಕ್ರಮ ಆರಂಭಿಸಿದರು. ಸಿಕ್ಕಿದ್ದು ಸೋಮವಾರದ ರಾತ್ರಿ. ವ್ಯಾಪಾರ ಗೊತ್ತಿರುವ ಯಾರೂ ಸೋಮವಾರ ಅಂಗಡಿ ತೆರೆದು ದುಡ್ಡು ಮಾಡುವ ಕನಸು ಕಾಣುವುದಿಲ್ಲ. ಮೊದಲ ಕೆಲವು ವಾರ ಅಷ್ಟು ದೊಡ್ಡ ಹಾಲ್ ಭಣಗುಟ್ಟಿತು, ಕೈಯಿಂದ ಹಣ ಹೋಯಿತು. ಆಮೇಲೆ ಒಂದು ಸೋಮವಾರ ಬಾಗಿಲ ಹೊರಗೆ ಸಾಲು ನಿಂತಿತು, ಮತ್ತೆ ಆ ಸಾಲು ಕರಗಲಿಲ್ಲ. ಆ ವರ್ಷದ ಬೇಸಿಗೆಯನ್ನು ಬ್ರಿಟನ್ನಿನವರು ಇಂದಿಗೂ ಎರಡನೆಯ ಪ್ರೇಮದ ಬೇಸಿಗೆ ಎಂದು ಕರೆಯುತ್ತಾರೆ.

ಡಿಜೆ ಸಂಗೀತಗಾರನಲ್ಲ ಎಂಬ ಮಾತಿಗೆ ಇಲ್ಲಿ ಉತ್ತರ ಹೇಳಬೇಕು. ಹೌಸ್ ಸಂಗೀತದಲ್ಲಿ ನಿಮಿಷಕ್ಕೆ ಸುಮಾರು 120ರಿಂದ 130 ಪೆಟ್ಟುಗಳು. ನಾಲ್ಕು ಎಣಿಕೆಯ ಆವರ್ತದಲ್ಲಿ ನಾಲ್ಕಕ್ಕೂ ದಪ್ಪ ಡ್ರಮ್ಮಿನ ಒಂದೊಂದು ಪೆಟ್ಟು. ಡಿಜೆಯ ಮುಂದೆ ಎರಡು ಟರ್ನ್‌ಟೇಬಲ್‌ಗಳಿರುತ್ತವೆ. ಒಂದರ ತಟ್ಟೆ ಸಭೆಗೆಲ್ಲ ಕೇಳುತ್ತಿದ್ದರೆ ಇನ್ನೊಂದರದು ಹೆಡ್‌ಫೋನಿನ ಮೂಲಕ ಅವನ ಒಂದು ಕಿವಿಗೆ ಮಾತ್ರ ಕೇಳುತ್ತಿರುತ್ತದೆ. ಕೇಳುತ್ತಿರುವ ಹಾಡು 122ರ ವೇಗದಲ್ಲಿದ್ದು ಬರಬೇಕಾದದ್ದು 126ರಲ್ಲಿದ್ದರೆ, ಯಂತ್ರದ ಬಲಬದಿಯ ಜಾರುಗುಂಡಿಯನ್ನು ಕೂದಲೆಳೆಯಷ್ಟು ಸರಿಸಿ ಎರಡನ್ನೂ ಒಂದೇ ನಡೆಗೆ ತರಬೇಕು. ಟೆಕ್ನಿಕ್ಸ್ 1200 ಯಂತ್ರದಲ್ಲಿ ಈ ಗುಂಡಿ ವೇಗವನ್ನು ಶೇ 8ರಷ್ಟು ಏರಿಸಬಹುದು, ಅಷ್ಟೇ ಇಳಿಸಬಹುದು. ಎರಡೂ ಕೂಡಿದವೆನ್ನುವಾಗ ಒಂದರ ಬೇಸ್ ತಗ್ಗಿಸುತ್ತ ಇನ್ನೊಂದರದನ್ನು ಏರಿಸಬೇಕು, ಕುಣಿಯುವವನ ಕಾಲಿಗೆ ಹೊಲಿಗೆ ತಾಕಬಾರದು. ಇಷ್ಟನ್ನು ಕೈ ಪಳಗಿದ ಯಾರು ಬೇಕಾದರೂ ಮಾಡಿಯಾರು. ಯಾವುದರ ನಂತರ ಯಾವುದು, ಎಷ್ಟು ಹೊತ್ತಿಗೆ, ಈ ಸಭೆಗೆ ಈಗ ಏರಿಕೆ ಬೇಕೋ ವಿಶ್ರಾಂತಿ ಬೇಕೋ ಎಂಬ ತೀರ್ಮಾನ ಮಾತ್ರ ಎಲ್ಲರಿಗೂ ಬರುವುದಿಲ್ಲ. ಯಕ್ಷಗಾನದ ಭಾಗವತರು ಪ್ರಸಂಗವನ್ನು ತಾವು ರಚಿಸಿರುವುದಿಲ್ಲ, ಪದ್ಯ ಯಾರೋ ಬರೆದದ್ದು, ರಾಗ ಎಲ್ಲಿಂದಲೋ ಬಂದದ್ದು. ಆದರೂ ರಾತ್ರಿ ಮೂರು ಗಂಟೆಗೆ ತೂಕಡಿಸುವ ಸಭೆಯನ್ನು ನೋಡಿ ಯಾವ ಪದ್ಯವನ್ನು ಎಳೆಯಬೇಕು, ಎಲ್ಲಿ ಚೆಂಡೆಗೆ ಕಣ್ಸನ್ನೆ ಕೊಡಬೇಕು ಎಂಬುದು ಅವರೊಬ್ಬರ ಕೈಯಲ್ಲಿರುತ್ತದೆ. ಭಾಗವತರನ್ನು ಬೇರೆಯವರ ಪದ್ಯ ಓದುವವರೆಂದು ತಮ್ಮ ಪತ್ರಿಕೆ ಎಂದೂ ಬರೆದಿಲ್ಲ, ಬರೆಯುವುದೂ ಇಲ್ಲ.

ಇನ್ನು ನಿರ್ಮಾಪಕನ ಕೆಲಸ. 1989ರಲ್ಲಿ ಅವರು ಪರ್ಫೆಕ್ಟೊ ಎಂಬ ತಮ್ಮದೇ ರೆಕಾರ್ಡ್ ಸಂಸ್ಥೆಯನ್ನು ಆರಂಭಿಸಿದರು. ಮ್ಯಾಂಚೆಸ್ಟರಿನ ಹ್ಯಾಪಿ ಮಂಡೇಸ್ ಎಂಬ ರಾಕ್ ತಂಡದ 1990ರ ಆಲ್ಬಮ್ಮನ್ನು ಸ್ಟೀವ್ ಆಸ್ಬೋರ್ನ್ ಅವರೊಡನೆ ಸೇರಿ ನಿರ್ಮಿಸಿ, ಗಿಟಾರ್ ಹಿಡಿದವರ ಹಾಡಿಗೆ ಕ್ಲಬ್ಬಿನ ನಡೆಯನ್ನು ಕೊಟ್ಟರು. 1992ರಲ್ಲಿ ಐರ್ಲೆಂಡಿನ ಯು2 ತಂಡದ ಒಂದು ಹಾಡಿಗೆ ಅವರ ಪರ್ಫೆಕ್ಟೊ ತಂಡ ಮಾಡಿದ ರೀಮಿಕ್ಸ್ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 8ನೆಯ ಸ್ಥಾನಕ್ಕೆ ಹೋಯಿತು. ಮೂಲ ಹಾಡು ಅದಕ್ಕೂ ಮೊದಲು ತಲುಪಿದ್ದು 12ನೆಯ ಸ್ಥಾನವನ್ನು. ಒಗ್ಗರಣೆ ಸಾರಿಗಿಂತ ಹೆಚ್ಚು ಮಾರಾಟವಾದದ್ದು ಅಪರೂಪದ ಸಂಗತಿ. ಅದರ ಮರುವರ್ಷ ಆ ತಂಡದ ಪ್ರವಾಸದಲ್ಲಿ, ಕ್ರೀಡಾಂಗಣಗಳಲ್ಲಿ ತುಂಬಿದ್ದ ರಾಕ್ ಪ್ರೇಮಿಗಳ ಮುಂದೆ, ಅವರು ಡಿಜೆಯಾಗಿ ನಿಂತರು.

ಈಗ ಗೋವಾಕ್ಕೆ ಬರುತ್ತೇನೆ. ಓಕನ್‌ಫೋಲ್ಡ್ ಬರುವ ಮೊದಲೇ ಇಲ್ಲಿ ಎರಡು ದಶಕಗಳ ರಾತ್ರಿಗಳು ಕಳೆದಿದ್ದವು. ಕ್ಯಾಲಿಫೋರ್ನಿಯಾದಿಂದ 1970ರ ಸುಮಾರಿಗೆ ಬಂದು ಅಂಜುನಾದಲ್ಲಿ ನಿಂತ, 2023ರಲ್ಲಿ ತೀರಿಕೊಂಡ ಗೋವಾ ಗಿಲ್ ಅವರನ್ನು ತಮ್ಮ ಲೇಖನ ಹೆಸರಿಸಿಯೇ ಇಲ್ಲ. ಎಂಬತ್ತರ ದಶಕದಲ್ಲಿ ಯುರೋಪಿನ ಎಲೆಕ್ಟ್ರಾನಿಕ್ ಹಾಡುಗಳನ್ನು ತಂದು, ಹಾಡುಗಾರಿಕೆಯ ಭಾಗಗಳನ್ನು ಕತ್ತರಿಸಿ ತೆಗೆದು, ಬರಿಯ ಲಯವನ್ನು ಬೆಳಗಿನವರೆಗೂ ಎಳೆದವರು ಅವರೂ ಅವರಂಥ ಇನ್ನೂ ಕೆಲವರೂ. ನಾನು ಕಂಡದ್ದನ್ನು ಹೇಳುತ್ತೇನೆ. ವಾಗಾತೋರ್ ಗುಡ್ಡದ ಮೇಲೆ ಒಂದು ಮಡಚುವ ಮೇಜು, ಅದರ ಮೇಲೆ ಅಂಗೈ ಅಗಲದ ಎರಡು ಟೇಪ್ ಯಂತ್ರಗಳು, ಧೂಳು ಬೀಳದಿರಲೆಂದು ಒಂದರ ಮೇಲೆ ಹೊದಿಸಿದ್ದ ಲುಂಗಿ. ಮೇಜಿನಿಂದ ಇಪ್ಪತ್ತು ಹೆಜ್ಜೆಯಾಚೆ ಊರಿನ ಹೆಂಗಸರು ಚಾಪೆ ಹಾಸಿ, ಸೀಮೆಎಣ್ಣೆ ದೀಪ ಹಚ್ಚಿ, ಸ್ಟವ್ ಮೇಲೆ ಚಹಾ ಇಟ್ಟು ಕುಳಿತಿದ್ದರು; ಪ್ರತಿ ಪೆಟ್ಟಿಗೂ ದೀಪದ ಕುಡಿ ನಡುಗುತ್ತಿತ್ತು. ಬುಧವಾರದ ಅಂಜುನಾ ಸಂತೆಯಲ್ಲಿ ಕನ್ನಡಿ ಕಸೂತಿ ಮಾರುವ ಗದಗ, ವಿಜಾಪುರ ಕಡೆಯ ಲಮಾಣಿ ಹೆಂಗಸರಲ್ಲಿ ಇಬ್ಬರು ಅಲ್ಲಿಯೂ ಗಂಟು ಬಿಚ್ಚಿಕೊಂಡು ಕುಳಿತಿದ್ದು, "ಈ ಮಷೀನ್ ಯಾವಾಗ ಬಂದ್ ಆಗತೈತ್ರೀ ಅಣ್ಣಾ" ಎಂದು ನನ್ನನ್ನು ಕೇಳಿದ್ದರು.

ಆ ಮೇಜಿನ ಮೇಲೆ ಟರ್ನ್‌ಟೇಬಲ್ ಏಕಿರಲಿಲ್ಲ ಎಂಬುದರಲ್ಲಿ ಗೋವಾ ಟ್ರಾನ್ಸ್ ಎಂದು ಹೆಸರಾದ ಇಲ್ಲಿಯ ಈ ಸಂಗೀತದ ಅರ್ಧ ಕಥೆ ಅಡಗಿದೆ. ಇಲ್ಲಿಯ ಬಿಸಿಲಿಗೆ ವಿನೈಲ್ ತಟ್ಟೆ ಸೊಟ್ಟಗಾಗುತ್ತದೆ, ಧೂಳಿಗೆ ಮುಳ್ಳು ಹಾರುತ್ತದೆ, ಪೆಟ್ಟಿಗೆಗಟ್ಟಲೆ ತಟ್ಟೆಗಳನ್ನು ವಿಮಾನದಲ್ಲಿ ತರುವುದೂ ಕಷ್ಟ. ಆದ್ದರಿಂದ ಮೊದಲು ಕ್ಯಾಸೆಟ್ಟು, ಆಮೇಲೆ ಡ್ಯಾಟ್ ಎಂಬ ಡಿಜಿಟಲ್ ಟೇಪು ಬಳಕೆಗೆ ಬಂದವು. ಡ್ಯಾಟ್ ಯಂತ್ರದಲ್ಲಿ ವೇಗ ಏರಿಳಿಸುವ ಜಾರುಗುಂಡಿಯಿಲ್ಲ. ಎರಡು ಹಾಡುಗಳ ತಾಳವನ್ನು ಒಂದರ ಮೇಲೊಂದು ಕೂಡಿಸುವಂತಿಲ್ಲವಾದ್ದರಿಂದ, ಹಾಡಿನ ಮೊದಲಿಗೂ ಕೊನೆಗೂ ತಾಳವಿಲ್ಲದ ದೀರ್ಘವಾದ ನಾದದ ಬಾಲಗಳನ್ನು ಇಟ್ಟು, ಬಾಲಕ್ಕೆ ಬಾಲ ಸೇರಿಸುವುದು ಇಲ್ಲಿಯ ರೂಢಿಯಾಯಿತು. ಕೇಳುವವರು ಅದನ್ನು ಧ್ಯಾನ, ಪೂರ್ವದೇಶದ ಮಾಯೆ ಎಂದೆಲ್ಲ ಕರೆದರು. ಯಂತ್ರದ ಒಂದು ಕೊರತೆ ಅದರ ಬುಡದಲ್ಲಿತ್ತು ಎಂದರೆ ಹಲವರಿಗೆ ಬೇಸರವಾಗಬಹುದು.

ಓಕನ್‌ಫೋಲ್ಡ್ ಈ ಊರಿಗೆ ಬಂದು ಕೇಳಿದವರು. ಕೇಳಿದ್ದನ್ನು ಲಂಡನ್ನಿಗೆ ಒಯ್ದು, ಹೌಸ್ ಡಿಜೆಯಾಗಿ ತಾವು ಕಲಿತ ಕಸುಬನ್ನು ಅದಕ್ಕೆ ಕೂಡಿಸಿದರು. ಬಿಬಿಸಿ ರೇಡಿಯೋ 1ರಲ್ಲಿ ಪೀಟ್ ಟಾಂಗ್ ನಡೆಸುತ್ತಿದ್ದ ಎಸೆನ್ಷಿಯಲ್ ಮಿಕ್ಸ್ ಎಂಬ ಎರಡು ಗಂಟೆಗಳ ಕಾರ್ಯಕ್ರಮದಲ್ಲಿ 1994ರ ಡಿಸೆಂಬರ್ 18ರಂದು ಪ್ರಸಾರವಾದದ್ದೇ ಅವರ ಗೋವಾ ಮಿಕ್ಸ್. (ತಮ್ಮ ಲೇಖನದಲ್ಲಿ ಇದನ್ನು 1988ರ ಆಲ್ಬಮ್ ಎಂದು ಅಚ್ಚು ಹಾಕಲಾಗಿದೆ, ಇದು ಆಲ್ಬಮ್ಮಾಗಿ ಹುಟ್ಟಿದ್ದಲ್ಲ, ಆ ವರ್ಷದ್ದೂ ಅಲ್ಲ.) ಬೆಳ್ಳಿ ಮತ್ತು ಚಿನ್ನ ಎಂದು ಹೆಸರಿಟ್ಟ ಎರಡು ಭಾಗಗಳಲ್ಲಿ ಅದು ಸಾಗುತ್ತದೆ. ಟ್ರಾನ್ಸ್ ಹಾಡುಗಳ ನಡುವೆ ಇದ್ದಕ್ಕಿದ್ದಂತೆ ತಾಳ ನಿಂತುಹೋಗಿ, ಬ್ಲೇಡ್ ರನ್ನರ್ ಚಿತ್ರಕ್ಕಾಗಿ ವ್ಯಾಂಜೆಲಿಸ್ ರಚಿಸಿದ ಸಂಗೀತ ಮಂಜಿನಂತೆ ಹರಡುತ್ತದೆ, ಮತ್ತೆ ತಾಳ ಏಳುತ್ತದೆ. ಇಲ್ಲಿಯವರು ಅನಿವಾರ್ಯಕ್ಕೆ ಮಾಡುತ್ತಿದ್ದ ಆ ತಾಳವಿಲ್ಲದ ಸಂದುಗಳನ್ನು, ಜಾರುಗುಂಡಿ ಕೈಯಳತೆಯಲ್ಲಿದ್ದರೂ, ಬೇಕೆಂದೇ ಉಳಿಸಿಕೊಂಡದ್ದು ಅವರ ವಿವೇಕ. ಅವರ ಇಡೀ ವೃತ್ತಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ತೀರ್ಮಾನ ಅದು.

ಆ ಪ್ರಸಾರಕ್ಕೆ ಒಂದೂವರೆ ತಿಂಗಳ ಹಿಂದೆಯಷ್ಟೇ ಬ್ರಿಟನ್ನಿನಲ್ಲಿ ಹೊಸ ಕಾನೂನೊಂದು ಜಾರಿಗೆ ಅಂಕಿತ ಪಡೆದಿತ್ತು. ಬಯಲಲ್ಲಿ ರಾತ್ರಿ ನಡೆಯುವ ಅನುಮತಿಯಿಲ್ಲದ ಕೂಟಗಳನ್ನು ಚದುರಿಸಲು ಪೊಲೀಸರಿಗೆ ಅಧಿಕಾರ ಕೊಟ್ಟ ಆ 1994ರ ಕಾಯ್ದೆ, ಸಂಗೀತವೆಂದರೆ ಒಂದರ ಹಿಂದೊಂದು ಮರುಕಳಿಸುವ ಪೆಟ್ಟುಗಳೇ ಪ್ರಧಾನವಾಗಿರುವ ಸದ್ದೂ ಸೇರುತ್ತದೆ ಎಂದು ವಿವರಣೆ ಬರೆಯಿತು. ನಮ್ಮ ಚೆಂಡೆಯೂ ಅದರಲ್ಲಿ ಸಿಕ್ಕಿಬೀಳುತ್ತಿತ್ತು. ಬಯಲಿನ ರಾತ್ರಿಗಳಿಗೆ ತಮ್ಮ ದೇಶದಲ್ಲೇ ಬೀಗ ಬೀಳುತ್ತಿರುವಾಗ, ಗೋವಾದ ಬಯಲಿನ ಹೆಸರು ಹೊತ್ತ ಎರಡು ಗಂಟೆಗಳು ಸಾರ್ವಜನಿಕ ರೇಡಿಯೋದಲ್ಲೇ ಮನೆಮನೆಗೆ ಬಂದವು ಎಂಬುದನ್ನು ನೆನೆದರೆ ಅದಕ್ಕೆ ಸಿಕ್ಕ ಜನಪ್ರಿಯತೆ ಅರ್ಥವಾಗುತ್ತದೆ. ಈಗ ಇಲ್ಲಿಯೂ ರಾತ್ರಿ 10ರ ನಂತರ ಬಯಲಿನ ಧ್ವನಿವರ್ಧಕಕ್ಕೆ ನಿಷೇಧವಿದೆ. ಹೋಟೆಲಿನ ಮಹಡಿಯ ಮೇಲೆ ಮಲಗುವವನಾಗಿ ನಾನು ಆ ನಿಯಮಕ್ಕೆ ವಿರೋಧಿಯಲ್ಲ.

ನಮ್ಮ ಹೋಟೆಲಿಗೆ ಆ ಮಿಕ್ಸ್ ಬಂದದ್ದು 1995ರ ಜನವರಿಯಲ್ಲಿ. ಪ್ರತಿ ಸೀಸನ್ನಿಗೂ ಬರುತ್ತಿದ್ದ ಇಂಗ್ಲಿಷ್ ಗಿರಾಕಿಯೊಬ್ಬ, ಚಹಾ ಮತ್ತು ಸೆಟ್ ದೋಸೆಯ ಬಾಬ್ತು ಬಾಕಿಯಿದ್ದ ಹದಿನೆಂಟು ರೂಪಾಯಿಗೆ ಬದಲಾಗಿ, ರೇಡಿಯೋದಿಂದ ಇಳಿಸಿಕೊಂಡ ಎರಡು ಕ್ಯಾಸೆಟ್ಟುಗಳನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ. ಒಂದರ ಮೇಲೆ ನೀಲಿ ಪೆನ್ನಿನಲ್ಲಿ ಗೋವಾ ಎಂದಷ್ಟೇ ಇತ್ತು. ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಅದನ್ನು ಹಾಕಿ ಕೇಳಿದೆವು. ಅರ್ಧ ಗಂಟೆ ಕಳೆದಿರಬೇಕು, ದೋಸೆಕಲ್ಲು ತಿಕ್ಕುತ್ತಿದ್ದ ನಮ್ಮೂರಿನ ಅಡುಗೆಯವರು ತಲೆ ಹೊರಹಾಕಿ, "ಪೀಠಿಕೆ ಚೆನ್ನಾಗಿದೆ, ಪದ್ಯ ಯಾವಾಗ ಶುರು?" ಎಂದರು. ಅವರ ಆ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಸರಿಯಾದ ಉತ್ತರವಿಲ್ಲ. ಆದರೆ ಮರುದಿನ ಮಧ್ಯಾಹ್ನ ಅದನ್ನೇ ಹಾಕಿರೆಂದು ಹೇಳಿದವರೂ ಅವರೇ.

ಮುಂದಿನ ವರ್ಷಗಳ ವಿಷಯವನ್ನು ತಮ್ಮ ಲೇಖನ ವಿಸ್ತಾರವಾಗಿಯೇ ಹೇಳಿದೆ, ಅಲ್ಲಿ ನನ್ನ ತಕರಾರು ಕಡಿಮೆ. ಲಿವರ್‌ಪೂಲಿನ ಕ್ರೀಮ್ ಕ್ಲಬ್ಬಿನಲ್ಲಿ 1997ರಿಂದ ಎರಡು ವರ್ಷ ಅವರು ಕಾಯಂ ಡಿಜೆಯಾಗಿದ್ದದ್ದು, 1998 ಮತ್ತು 1999ರಲ್ಲಿ ಡಿಜೆ ಮ್ಯಾಗ್ ಪತ್ರಿಕೆಯ ಓದುಗರು ಅವರನ್ನು ಮೊದಲ ಸ್ಥಾನಕ್ಕೆ ಆರಿಸಿದ್ದು, ಆಮೇಲೆ ಅಮೆರಿಕಕ್ಕೆ ಹೋಗಿ ಹಾಲಿವುಡ್ ಚಿತ್ರಗಳಿಗೆ ಸಂಗೀತ ಕೊಟ್ಟದ್ದು, ಲಾಸ್ ವೇಗಾಸ್‌ನಲ್ಲಿ ನೆಲೆ ಮಾಡಿಕೊಂಡದ್ದು, ಮಡೋನಾ ಅವರ ಪ್ರವಾಸದಲ್ಲಿ ಮೊದಲ ಸರದಿ ನುಡಿಸಿದ್ದು ಎಲ್ಲವೂ ಸರಿ. ಕನ್ನಡದ ಓದುಗರಿಗೆ ತಟ್ಟನೆ ಹತ್ತಿರವಾಗಬಹುದಾಗಿದ್ದ ಒಂದು ಸಂಗತಿ ಮಾತ್ರ ಬಿಟ್ಟುಹೋಗಿದೆ: ನಮ್ಮ ಬಿಗ್ ಬಾಸ್ ಯಾವ ಕಾರ್ಯಕ್ರಮದ ಅಚ್ಚಿನಲ್ಲಿ ಎರಕಗೊಂಡಿದೆಯೋ ಆ ಬಿಗ್ ಬ್ರದರ್‌ನ ಬ್ರಿಟಿಷ್ ಆವೃತ್ತಿಗೆ 2000ದಲ್ಲಿ ಶೀರ್ಷಿಕೆ ಸಂಗೀತ ರಚಿಸಿದವರು ಓಕನ್‌ಫೋಲ್ಡ್ ಮತ್ತು ಆಂಡಿ ಗ್ರೇ. ನನ್ನ ಅಭಿಪ್ರಾಯ ಕೇಳಿದರೆ, 2000ದ ನಂತರದ ಅವರ ಕೆಲಸದಲ್ಲಿ ಸಾರು ತೆಳುವಾಗುತ್ತ ಬಂದಿದೆ. ಬಡಿಸುವವನು ತಾನೇ ಊಟವೆಂದು ಭಾವಿಸಿಕೊಂಡಾಗ ಹೀಗಾಗುತ್ತದೆ. 2017ರಲ್ಲಿ ಅವರು ಎವರೆಸ್ಟ್ ತಪ್ಪಲಿನ ಬೇಸ್ ಕ್ಯಾಂಪಿನಲ್ಲಿ, 5,000 ಮೀಟರಿಗೂ ಮೇಲೆ, ಕಾರ್ಯಕ್ರಮ ಕೊಟ್ಟದ್ದನ್ನು ಲೇಖನ ಸಾಹಸವೆಂದು ಹೊಗಳಿದೆ. ವಾಗಾತೋರ್ ಗುಡ್ಡಕ್ಕೆ ಎರಡು ಕ್ರೇಟು ನೀರು ಹೊತ್ತು ಏದುಸಿರು ಬಿಟ್ಟವನಾದ ನನಗೆ, ಅಷ್ಟು ಎತ್ತರಕ್ಕೆ ಸ್ಪೀಕರುಗಳನ್ನು ಹೊತ್ತ ಬೆನ್ನುಗಳು ಯಾರವು ಎಂಬುದೇ ಮೊದಲು ಹೊಳೆಯಿತು.

ಇಡ್ಲಿಯನ್ನು ನಮ್ಮ ಉಡುಪಿ ಕಡೆಯವರು ಕಂಡುಹಿಡಿದರೆಂದು ನಾನೆಂದೂ ಹೇಳಿಲ್ಲ. ಆದರೆ ಮುಂಬಯಿಯ ಮಾಟುಂಗಾಕ್ಕೂ ಪುಣೆಗೂ ಈ ಮಾಪುಸಾಕ್ಕೂ ಅದನ್ನು ತಂದು, ಆಯಾ ಊರಿನ ನೀರಿಗೂ ನಾಲಿಗೆಗೂ ಹೊಂದಿಸಿ, ಬೆಳಗಿನ ಆರಕ್ಕೆ ಬಿಸಿಯಾಗಿ ಕೊಟ್ಟವರು ನಮ್ಮವರೆಂದು ಧೈರ್ಯವಾಗಿ ಹೇಳುತ್ತೇನೆ. ಓಕನ್‌ಫೋಲ್ಡ್ ಅವರಿಗೂ ಸಲ್ಲಬೇಕಾದ್ದು ಇದೇ ಅಳತೆಯ ಮರ್ಯಾದೆ. ಶಿಕಾಗೊದವರದ್ದನ್ನೂ ಆಲ್ಫ್ರೆಡೊ ಅವರದ್ದನ್ನೂ ಗೋವಾ ಗಿಲ್ ಅವರದ್ದನ್ನೂ ಕಿತ್ತು ಇವರ ತಲೆಗೆ ಕಟ್ಟುವ ಅಗತ್ಯವಿಲ್ಲ, ತಟ್ಟೆ ತಿರುಗಿಸುವವನೆಂದು ತಳ್ಳಿಹಾಕುವ ಅಗತ್ಯವೂ ಇಲ್ಲ.

ಗೋವಾ ಮಿಕ್ಸ್‌ನ ದಿನಾಂಕವನ್ನೂ, ಈ ಸಂಗೀತದ ಹುಟ್ಟಿನ ಕುರಿತ ವಾಕ್ಯವನ್ನೂ ಮುಂದಿನ ಪುರವಣಿಯಲ್ಲಿ ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ. ತಮ್ಮ ಲೇಖಕರು ಎಂದಾದರೂ ಈ ಕಡೆ ಬಂದರೆ ನಮ್ಮ ಹೋಟೆಲಿಗೆ ಬರಲಿ. ಎರಡೂ ಕ್ಯಾಸೆಟ್ಟುಗಳು ಗಲ್ಲಾಪೆಟ್ಟಿಗೆಯ ಕೆಳಖಾನೆಯಲ್ಲಿ ಇನ್ನೂ ಇವೆ. ಟೇಪ್ ರೆಕಾರ್ಡರಿನ ಬೆಲ್ಟ್ ಸಡಿಲಾಗಿದೆ, ಎರಡು ದಿನ ಮೊದಲು ತಿಳಿಸಿದರೆ ಹೊಸದು ಹಾಕಿಸಿಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹೋಟೆಲ್ ನಡೆಸುವ ಒಬ್ಬ ಓದುಗ
ಮಾಪುಸಾ, ಗೋವಾ